ಬಲಕ್ಕೆ ಬಿದ್ದ ಹೂವು

ಗುಡಿಯ ಹಣಮಪ್ಪನ ಹೆಗಲಿನಿಂದ ಆ ದಿನ ಕೆಳಗೆ ಬಿದ್ದ ಕಣಗಿಲ ಹೂವಿನ ಫಲವನ್ನು ಉಂಡವಳು ನನ್ನ ಅವ್ವ. ಹೂವನ್ನು ಹಚ್ಚಿದ ಪೂಜಾರಿ ಉಣ್ಣಲಿಲ್ಲ, ಅದು ಬಿದ್ದ ದಿಕ್ಕಿಗೆ ಅರ್ಥ ಹೇಳಿದ ಗೌಡರು ಉಣ್ಣಲಿಲ್ಲ, ಗುಡಿಯ ಕಟ್ಟೆಯ ಮೇಲೆ ಕುಳಿತು ತಲೆಯಾಡಿಸಿದ ಪಂಚರು ಉಣ್ಣಲಿಲ್ಲ. ಅವರೆಲ್ಲರೂ ತಮ್ಮ ತಮ್ಮ ಮನೆಗೆ ಹೋಗಿ ರೊಟ್ಟಿ ಮುರಿದರು. ನನ್ನ ಅವ್ವ ನನ್ನನ್ನು ಬಿಟ್ಟು ಗೋಕಾಕದ ದಾರಿ ಹಿಡಿದಳು. ಅವಳ ತರುವಾಯ ಅದರ ಫಲ ಉಂಡವಳು ನಾನು. ಆದರೆ ನನಗೆ ಬರೆಯಲು ಬರುತ್ತದೆ, ಅವಳಿಗೆ ಬರುವುದಿಲ್ಲ. ಆದ್ದರಿಂದ ಮೊದಲು ಅವಳ ಹೆಸರು ಇಲ್ಲಿ ಬರಲಿ: ನೀಲವ್ವ.

ನಮ್ಮ ಭಾಗದ ದಾರಿಗಳ ಮೇಲೆ ಎತ್ತಿನ ಗಾಡಿಯ ಗಾಲಿಗಳ ಗುರುತಲ್ಲದೆ ಬೇರೊಂದು ಗುರುತು ಬೀಳದಿದ್ದ ಕಾಲವದು. ಮೇಲವಂಕಿಯಿಂದ ಹೊಲದ ದಾರಿ ಹಿಡಿದು ಒಂದು ಹಳ್ಳ ದಾಟಿದರೆ ನಮ್ಮ ಊರು. ಊರಿನ ಹೆಸರನ್ನು ನಾನು ಬರೆಯುವುದಿಲ್ಲ. ಅಂಜಿಕೆಗಾಗಿ ಅಲ್ಲ, ಹೆಸರು ಬರೆದರೆ ಉಳಿದ ಊರಿನವರೆಲ್ಲ ‘ಅದು ಅಲ್ಲಿಯ ಮಾತು’ ಎಂದು ಕೈ ತೊಳೆದುಕೊಳ್ಳುತ್ತಾರೆಂಬ ಕಾರಣಕ್ಕಾಗಿ. ದೇವರಿಗೆ ಹೂ ಕೇಳಿ ನ್ಯಾಯ ತೀರಿಸುವುದು ನಿಲ್ಲಲೆಂದು ಈ ಕತೆಯನ್ನು ನಾನು ಹಲವು ಸಭೆಗಳಲ್ಲಿ ಹೇಳಿದ್ದೇನೆ. ಕೇಳಿ ಕಣ್ಣೊರೆಸಿಕೊಂಡವರೇ ಮರುವಾರ ತಮ್ಮ ಮನೆಯ ತಕರಾರಿಗೆ ಹೂ ಕೇಳಲು ಹೋದದ್ದನ್ನೂ ಕಂಡಿದ್ದೇನೆ. ಹೇಳಿ ಹೇಳಿ ದಣಿದಿದ್ದೇನೆ. ಬರೆದಿಟ್ಟರೆ ಮತ್ತೆ ಹೇಳುವ ಶ್ರಮವಾದರೂ ತಪ್ಪೀತೆಂದು ಬರೆಯುತ್ತಿದ್ದೇನೆ.

ಆಗ ಮಾಮಲೇದಾರರ ಕಚೇರಿ ದೂರವಿತ್ತು, ದೇವರು ಹತ್ತಿರವಿದ್ದ. ಬದುವಿನ ಕಲ್ಲು ಸರಿದರೆ, ಬಾವಿಯ ನೀರಿನ ಸರದಿ ತಪ್ಪಿದರೆ, ಒಂದು ಎಮ್ಮೆಯ ಕರುವಿಗೆ ಇಬ್ಬರು ಒಡೆಯರು ಹುಟ್ಟಿಕೊಂಡರೆ ಜನ ಹಣಮಪ್ಪನ ಗುಡಿಗೆ ಬರುತ್ತಿದ್ದರು. ಚೀಟಿ ಎತ್ತುವ ಪದ್ಧತಿಯೂ ಇತ್ತು. ಆದರೆ ಚೀಟಿಗೆ ಅಕ್ಷರ ಬೇಕು, ಹೂವಿಗೆ ಬೇಡ. ಪೂಜಾರಿ ಎರಡು ಕಣಗಿಲ ಹೂಗಳನ್ನು ನೀರಿನಲ್ಲಿ ಅದ್ದಿ, ಸಿಂಧೂರ ಮೆತ್ತಿದ ದೇವರ ಎರಡೂ ಹೆಗಲಿಗೆ ಒತ್ತಿ ಹಚ್ಚುತ್ತಿದ್ದ. ಕೇಳುವವರು ತಮ್ಮ ಮಾತನ್ನು ದೇವರೆದುರು ಆಡುತ್ತಿದ್ದರು. ಮೊದಲ ಹೂವು ಬಲಕ್ಕೆ ಬಿದ್ದರೆ ದೇವರು ಹೌದೆಂದ. ಎಡಕ್ಕೆ ಬಿದ್ದರೆ ಅಲ್ಲವೆಂದ. ಎಣ್ಣೆ ಕುಡಿದ ಸಿಂಧೂರದ ನಾತ, ಕರಕಲಾದ ಬತ್ತಿಯ ಹೊಗೆ, ಒಡೆದ ತೆಂಗಿನಕಾಯಿಯ ಹುಳಿನೀರು, ಇವು ಮೂರೂ ಕೂಡಿದ ಆ ವಾಸನೆ ಇಂದಿಗೂ ಯಾವುದಾದರೂ ಗುಡಿಯಲ್ಲಿ ಮೂಗಿಗೆ ತಾಗಿದರೆ ನಾನು ಹೊಸ್ತಿಲಿನಿಂದಲೇ ಹಿಂದಿರುಗುತ್ತೇನೆ.

ನಮ್ಮ ಮನೆಯವರು ಕೊರಳಲ್ಲಿ ಲಿಂಗ ಕಟ್ಟಿಕೊಂಡವರು. ನಸುಕಿನಲ್ಲಿ ಅಂಗೈ ಮೇಲಿಟ್ಟು ಪೂಜಿಸಿದ ದೇವರನ್ನು ಯಾರೂ ಏನನ್ನೂ ಕೇಳುತ್ತಿರಲಿಲ್ಲ. ತಕರಾರು ಬಂದಾಗ ಮಾತ್ರ ಗುಡಿಯ ಕಲ್ಲಿನ ಕಡೆಗೆ ಓಡುತ್ತಿದ್ದರು. ಅಂಗೈಯ ದೇವರು ತೀರ ಸಮೀಪದವನು. ತಮಗೆ ಗೊತ್ತಿದ್ದ ಸತ್ಯವನ್ನೇ ಹೇಳಿಬಿಟ್ಟಾನೆಂಬ ಭಯ ಅವರಿಗೆ ಇದ್ದಿರಬೇಕು.

ಆ ವರ್ಷ ಸುಗ್ಗಿಯ ಹೊತ್ತಿಗೆ ನಮ್ಮಂಥ ಮಕ್ಕಳ ಲಕ್ಷ್ಯವೆಲ್ಲ ಒಂದು ಹುಣಸೆಯ ಮರದ ಮೇಲಿತ್ತು. ನನಗಾಗ ಏಳೋ ಎಂಟೋ ವರ್ಷ. ನನ್ನ ಜೀವದ ಗೆಳತಿ ಪಾರಿ. ಕುರಿ ಕಾಯುವ ಯಲ್ಲಪ್ಪನ ಮಗಳು, ನನಗಿಂತ ಗೇಣು ಎತ್ತರದವಳು, ಮಾತಿನಲ್ಲಿ ಮೊಳ ಎತ್ತರದವಳು. ಮರ ಯಲ್ಲಪ್ಪನ ಹೊಲಕ್ಕೂ ಗೌಡರ ಹೊಲಕ್ಕೂ ನಡುವಿನ ಬದುವಿನ ಮೇಲಿತ್ತು. ಅದರ ಕಾಯನ್ನು ಪಾರಿ ಲಂಗದ ಉಡಿಯಲ್ಲಿ ತುಂಬಿ ತಂದು ನನ್ನ ಅವ್ವನಿಗೆ ಕೊಡುತ್ತಿದ್ದಳು. ಅವ್ವ ಹುಣಸೆಹಣ್ಣಿಗೆ ಬೆಲ್ಲ, ಉಪ್ಪು, ಜೀರಿಗೆ ಹಾಕಿ ಕಲ್ಲಿನಲ್ಲಿ ಕುಟ್ಟಿ, ಉಂಡೆ ಮಾಡಿ, ಜೋಳದ ದಂಟಿನ ಕಡ್ಡಿಗೆ ಸಿಕ್ಕಿಸಿ ಚಿಗಳಿ ಮಾಡಿಕೊಡುತ್ತಿದ್ದಳು. ಅದನ್ನು ನೆಕ್ಕುತ್ತ ಗುಡಿಯ ಹಿಂದಿನ ಬೇವಿನ ನೆರಳಿನಲ್ಲಿ ಕಲ್ಲು ತೂರಿ ಹಿಡಿಯುವ ಆಣಿಕಲ್ಲು ಆಡುವುದು ನಮ್ಮ ಮಧ್ಯಾಹ್ನದ ಕೆಲಸ.

ಕಾಯಿ ಹಣ್ಣಾಗುವ ಹೊತ್ತಿಗೆ ಗೌಡರು ಮರ ತಮ್ಮದೆಂದರು. ಯಲ್ಲಪ್ಪ ತನ್ನ ಅಜ್ಜ ನೆಟ್ಟದ್ದೆಂದ. ಹೂ ಕೇಳುವುದೆಂದಾಯಿತು. ಮಕ್ಕಳೆಲ್ಲ ಗುಡಿಯ ಕಿಡಕಿಗೆ ಜೋತುಬಿದ್ದೆವು. ಒಳಗೆ ದೇವರಿಗೆ ಮುಖಮಾಡಿ ನಿಂತವರ ಬಲಗೈಯ ಕಡೆ ಎಣ್ಣೆಯ ಗಡಿಗೆ, ಎಡಗೈಯ ಕಡೆ ನಗಾರಿ. ಇದನ್ನು ಓದುವವರು ನೆನಪಿನಲ್ಲಿಡಬೇಕು, ಯಾಕೆಂದರೆ ಮುಂದಿನದೆಲ್ಲ ಆ ಗಡಿಗೆಯ ಮತ್ತು ಆ ನಗಾರಿಯ ನಡುವಿನ ಮಾತು.

“ಮರ ಗೌಡರದ ಇದ್ರ ಬಲಕ್ಕ ಕೊಡಪಾ,” ಎಂದು ಪೂಜಾರಿ ಕೇಳಿದ. ಹೂವು ಗಡಿಗೆಯ ಕಡೆಗೆ ಬಿತ್ತು.

“ಬಲಕ್ಕಾತು,” ಎಂದ ಪೂಜಾರಿ. ಮರ ಗೌಡರದಾಯಿತು. ಯಲ್ಲಪ್ಪ ಕೈಮುಗಿದು ಹೊರಗೆ ಬಂದ. ಊರಿನಲ್ಲಿ ಅದರ ಮೇಲೆ ಒಂದು ಮಾತೂ ಹುಟ್ಟಲಿಲ್ಲ. ಹುಟ್ಟಿದ್ದು ಪಾರಿಯ ಬಾಯಲ್ಲಿ ಮಾತ್ರ.

“ಲೇ ಚಂದ್ರಿ, ಅದು ನಮ್ಮ ಬಲ. ದೇವರು ನಮ್ಮ ಕಡೆ ಮಾರಿ ಮಾಡಿ ನಿಂತಾನಲ್ಲ? ಅವನ ಬಲ ನಗಾರಿ ಬಾಜೂಕ ಆಗತೈತಿ. ಹೌದಲ್ಲ?”

ನಾನು ಎದ್ದು ದೇವರಂತೆ ನಿಂತು ಕೈ ಎತ್ತಿ ನೋಡಿಕೊಂಡೆ. ಹೌದಾಗಿತ್ತು.

“ಹಂಗಾರ ಮರ ನಿಮ್ದ?”

“ಯಾರ್ದರ ಇರ್ವಲ್ದ್ಯಾಕ. ಹೂ ಹಚ್ಚೂಕಿಂತ ಮೊದಲ ಹೇಳಬೇಕಿತ್ತಲ್ಲ, ಬಲ ಯಾವುದಂತ!”

ಅಂದಿನಿಂದ ನಮ್ಮ ಆಟದಲ್ಲಿ ಹೊಸದೊಂದು ಕಾಯದೆ ಬಂದಿತು. ನಾವೂ ಹೂ ಕೇಳುವ ಆಟ ಆಡುತ್ತಿದ್ದೆವು. ಬೇವಿನ ಬುಡದ ಉದ್ದನೆಯ ಕಲ್ಲು ನಮ್ಮ ದೇವರು. ಎಕ್ಕೆಯ ಹೂವನ್ನು ಕೆಸರು ಹಚ್ಚಿ ಅಂಟಿಸುತ್ತಿದ್ದೆವು. ಕಲ್ಲು ಕದ್ದವರು ಯಾರು, ಆಟದಲ್ಲಿ ಮೊದಲು ಯಾರು, ಅರ್ಧ ತಿಂದ ಚಿಗಳಿ ಯಾರದು, ಇವು ನಮ್ಮ ದಾವೆಗಳು. ಹೂವನ್ನು ಅಂಟಿಸುವ ಮುಂಚೆ ಕೇಳುವವರು ಎಲ್ಲರೆದುರಿಗೆ ಒಂದು ಕೈ ಮೇಲೆತ್ತಿ ‘ಇದು ಬಲ’ ಎನ್ನಬೇಕು. ಆಮೇಲೆ ಮಾತು ತಿರುವಿದವರ ಬಾಯಿಗೆ ಮಣ್ಣು. ಪಾರಿ ಮಾಡಿದ ಕಾಯದೆ. ಗೌಡರು, ಪಂಚರು, ಪೂಜಾರಿ ಕೂಡಿ ಮಾಡದ ಕಾಯದೆಯನ್ನು ಕುರಿ ಕಾಯುವವನ ಮಗಳು ಮೂಗು ಒರೆಸಿಕೊಳ್ಳುತ್ತ ಮಾಡಿದಳು. ನಾನು ಮುಂದೆ ಓದಿದ ನ್ಯಾಯದ ಮಾತುಗಳೆಲ್ಲ ಅದಕ್ಕಿಂತ ಹೆಚ್ಚಿನದೇನನ್ನೂ ನನಗೆ ಕಲಿಸಲಿಲ್ಲ.

ಇನ್ನು ನಮ್ಮ ಮನೆಯ ಮಾತು. ನನ್ನ ಅಪ್ಪ ನಾನು ಅವನ ಮುಖವನ್ನು ಸರಿಯಾಗಿ ನೆನಪಿಡುವ ಮೊದಲೇ ಜ್ವರದಲ್ಲಿ ಹೋದ. ಅವ್ವನಿಗೆ ಆಗ ಇಪ್ಪತ್ತೂ ಆಗಿರಲಿಲ್ಲ. ಮನೆಯಲ್ಲಿ ಅಪ್ಪನ ತಾಯಿ, ನಾನು ‘ಆಯಿ’ ಎನ್ನುತ್ತಿದ್ದವಳು, ಮತ್ತು ಅಪ್ಪನ ಅಣ್ಣನಾದ ದೊಡ್ಡಪ್ಪ, ಅವನ ಹೆಂಡತಿ ಮಕ್ಕಳು. ನಮ್ಮಲ್ಲಿ ಗಂಡ ಸತ್ತವಳಿಗೆ ಮರುಮದುವೆ ಇದೆ. ಅದಕ್ಕೆ ಉಡಿಕೆ ಎನ್ನುತ್ತಾರೆ. ಹೊಸ ಸೀರೆ ಉಡಿಸಿ, ಸದ್ದುಗದ್ದಲವಿಲ್ಲದೆ, ಹೊಸ ಮನೆಗೆ ಕಳಿಸುತ್ತಾರೆ. ಇದನ್ನು ನಮ್ಮವರು ಒಂದು ಸುಧಾರಣೆಯೆಂದು ಹೆಮ್ಮೆಯಿಂದ ಹೇಳಿಕೊಳ್ಳುವುದನ್ನು ಕೇಳಿದ್ದೇನೆ. ಹೇಳುವಾಗ ಅವರು ಬಿಟ್ಟುಬಿಡುವ ಮಾತೊಂದಿದೆ: ಹೆಂಗಸು ಹೋಗಬಹುದು, ಅವಳ ಕೂಸು ಹೋಗುವಂತಿಲ್ಲ. ಕೂಸು ಸತ್ತ ಗಂಡನ ಮನೆಯದು.

ಆ ಬೇಸಿಗೆಯ ಆರಂಭದಲ್ಲಿ ಅವ್ವನ ಅಣ್ಣ ಅವಳ ತೌರೂರಾದ ಮಸಗುಪ್ಪಿಯಿಂದ ಒಂದು ಮಾತು ತಂದ. ಆತ ಹುಕ್ಕೇರಿಯ ಸಾಲೆಯಲ್ಲಿ ಮಾಸ್ತರ. ಊರಿನವರು ಅವನನ್ನು ಮಾಸ್ತರ ಎಂದೇ ಕರೆಯುತ್ತಿದ್ದರು, ನಾನು ಮಾಮಾ ಎನ್ನುತ್ತಿದ್ದೆ. ಗೋಕಾಕದ ಗಿರಣಿಯಲ್ಲಿ ನೂಲಿನ ಕೆಲಸ ಮಾಡುವ ಒಬ್ಬಾತ, ಹೆಂಡತಿ ಸತ್ತವನು, ಉಡಿಕೆಗೆ ಒಪ್ಪಿದ್ದ. ‘ಕೂಸು ಬಂದರೂ ನನಗೆ ಭಾರವಿಲ್ಲ’ ಎಂದಿದ್ದನಂತೆ. ಅವ್ವ ಆ ಮಾತನ್ನು ಕೇಳಿದ ದಿನ ರೊಟ್ಟಿ ಬಡಿಯುತ್ತಿದ್ದಳು. ಬಡಿಯುವ ಕೈ ಒಂದು ಗಳಿಗೆ ನಿಂತು ಮತ್ತೆ ಸುರುವಾಯಿತು. ಆದರೆ ಸಪ್ಪಳ ಬೇರೆಯಾಗಿತ್ತು, ಹಗುರಾಗಿತ್ತು. ನನ್ನನ್ನು ಹತ್ತಿರ ಕರೆದು, ಬಿಸಿ ರೊಟ್ಟಿಗೆ ಅಗಸಿ ಹಿಂಡಿಯನ್ನೂ ಎಣ್ಣೆಯನ್ನೂ ಹಾಕಿ ಸುರುಳಿ ಸುತ್ತಿ ಕೈಗಿಟ್ಟು ಹೇಳಿದಳು:

“ಗೋಕಾಕದಾಗ ಫಾಲ್ಸ್ ಐತಂತ, ನೀರು ಮ್ಯಾಲಿಂದ ಬೀಳೂದ ನೋಡಾಕ ಸಾಹೇಬರು ಬರ್ತಾರಂತ. ನಾವೂ ನೋಡೂಣು.”

“ಪಾರಿ?”

“ಪಾರೀನ ಉಡ್ಯಾಗ ಹಾಕ್ಕೊಂಡ ಹೋಗೂಣಂತ, ತಿನ್ನ.”

ಆದರೆ ಆಯಿ ಅತ್ತಳು. ಆಯಿಯ ಪ್ರೀತಿಯನ್ನು ನಾನು ಸುಳ್ಳೆನ್ನಲಾರೆ. ಸುಳ್ಳಾಗಿದ್ದರೆ ಈ ಬರಹ ಸುಲಭವಾಗುತ್ತಿತ್ತು.

“ನನ್ನ ಮಗನ ಕುರುಹು ಇದೊಂದ ಉಳದೈತೆವಾ. ಇದನೂ ಒಯ್ದರ ನಾ ಯಾರ ಮಾರಿ ನೋಡಕೋತ ಕುಂಡ್ರಲಿ?”

“ಅತ್ತಿ, ನಾನೂ ಅದರ ಮಾರಿ ನೋಡಕೋತನ ಇಷ್ಟ ದಿನಾ ಉಳದೇನ್ರಿ.”

ದೊಡ್ಡಪ್ಪನ ಮಾತು ಬೇರೆ ಧಾಟಿಯದು. ತನ್ನ ಪಾಲಿನ ಎಮ್ಮೆ, ಕರು, ಹತ್ತಿ ಬಿಡಿಸುವ ಹೊಲ, ಇವುಗಳ ಸಾಲಿನಲ್ಲೇ ಅವನು ನನ್ನನ್ನೂ ಎಣಿಸುತ್ತಿದ್ದ.

“ಹೋಗೂದಿದ್ರ ಉಟ್ಟ ಸೀರಿ ಮ್ಯಾಲ ಹೋಗ. ಬಿತ್ತಿದವರು ನಾವು, ಬೆಳಿ ನಮ್ದು.”

“ಕೂಸು ಜ್ವಾಳ ಅಲ್ರಿ ಭಾವಾ,” ಎಂದಳು ಅವ್ವ. ಅಷ್ಟು ದಿನದಲ್ಲಿ ಅವಳು ಅವನಿಗೆ ಎದುರು ಮಾತಾಡಿದ್ದು ಅದೊಂದೇ.

ಪಂಚರು ನಮ್ಮ ಪಡಸಾಲೆಯಲ್ಲಿ ಕೂಡಿದರು. ಅವರಲ್ಲಿ ಒಬ್ಬ ದೊಡ್ಡಪ್ಪನ ಬೀಗ, ಒಬ್ಬ ಅವನ ಹೊಲದ ಪಾಲಿನ ಸೋಬತಿ, ನಡುವೆ ಗೌಡರು. ಅವ್ವನ ಮಾತನ್ನು ಮಾಮನೇ ಹೇಳಬೇಕಾಯಿತು. ಗಂಡಸರ ಕೂಟದಲ್ಲಿ ವಿಧವೆ ಬಾಯಿ ತೆರೆಯುವಂತಿರಲಿಲ್ಲ. ಮಾಮ ಕಾಯದೆಯ ಮಾತೆತ್ತಿದ; ಗೋಕಾಕದ ಕಚೇರಿಗೆ ಅರ್ಜಿ ಕೊಡುತ್ತೇನೆಂದ. ಗೌಡರು ಎಲೆಯಡಿಕೆ ಉಗುಳಿ ಬಂದು ನಕ್ಕರು.

“ಕೊಡ್ರಿ ಮಾಸ್ತರ. ನಿಮ್ಮ ಅರ್ಜಿಗಿ ಹೊತ್ತು ಬರೂದ್ರಾಗ ಹುಡಿಗಿಗಿ ಮಕ್ಕಳಾಗತಾವ.”

ಆಗ ಬಾಗಿಲ ಮರೆಯಿಂದ ಅವ್ವನೇ ಹೇಳಿದಳು: “ಹೂ ಕೇಳ್ರಿ. ಹಣಮಪ್ಪ ಏನ ಅಂತಾನ, ಹಂಗ ಆಗ್ಲಿ.”

ಹೌದು, ಹೂ ಕೇಳಬೇಕೆಂದವಳು ಅವ್ವನೇ. ಈ ಮಾತನ್ನು ನನ್ನ ಎದುರಾಳಿಗಳು ಸಭೆಗಳಲ್ಲಿ ಎತ್ತಿ ತೋರಿಸುತ್ತಾರೆ. ಆ ಕೂಟದಲ್ಲಿ ದೊಡ್ಡಪ್ಪನ ಬೀಗನಲ್ಲದವನು, ಗೌಡರ ಋಣದಲ್ಲಿಲ್ಲದವನು, ಕಲ್ಲಿನ ಹಣಮಪ್ಪನೊಬ್ಬನೇ ಇದ್ದನೆಂಬುದನ್ನು ಅವರು ಯೋಚಿಸುವುದಿಲ್ಲ. ಮನುಷ್ಯರಲ್ಲಿ ನ್ಯಾಯ ಕಂಡಿದ್ದರೆ ಅವಳು ದೇವರವರೆಗೆ ಹೋಗುತ್ತಿರಲಿಲ್ಲ.

ಮರುದಿನ ಮುಂಜಾನೆ ಗುಡಿಗೆ ಹೋದೆವು. ಅವ್ವನನ್ನು ಹೊಸ್ತಿಲಿನ ಆಚೆ ಮೆಟ್ಟಿಲ ಮೇಲೆ ನಿಲ್ಲಿಸಿದರು. ನನ್ನನ್ನು ಒಳಗೆ ದೇವರೆದುರಿಗೆ, ನಗಾರಿಗೂ ಗಡಿಗೆಗೂ ನಡುವೆ, ತಣ್ಣನೆಯ ಹಾಸುಗಲ್ಲಿನ ಮೇಲೆ ಕೂಡಿಸಿದರು. ಹುಣಸೆಯ ಮರವನ್ನು ಗುಡಿಗೆ ತರಲು ಬಂದಿರಲಿಲ್ಲ, ನನ್ನನ್ನು ತಂದಿದ್ದರು. ಅಲ್ಲಿದ್ದ ಅಷ್ಟೂ ಜನರಲ್ಲಿ ಒಬ್ಬರಾದರೂ, ಮಾಮನೂ ಸೇರಿ, ‘ಚಂದ್ರಿ, ನಿನಗೇನು ಬೇಕು?’ ಎಂದು ಕೇಳಲಿಲ್ಲ. ಮರವನ್ನು ಯಾರು ಕೇಳುತ್ತಾರೆ?

“ಕೂಸು ತಾಯಿ ಕೂಡ ಹೋಗೂದು ನಿನಗ ಸರಿ ಕಂಡ್ರ ಬಲಕ್ಕ ಕೊಡಪಾ,” ಎಂದು ಪೂಜಾರಿ ಹೂ ಹಚ್ಚಿದ. ಕೈ ಎತ್ತಿ ‘ಇದು ಬಲ’ ಎಂದು ಯಾರೂ ಹೇಳಲಿಲ್ಲ. ನನಗೆ ಹೇಳಬೇಕೆನಿಸಿತ್ತು, ದೊಡ್ಡವರ ದೇವರಿಗೆ ನಮ್ಮ ಆಟದ ಕಾಯದೆ ನಡೆಯುವುದಿಲ್ಲವೆಂದು ಸುಮ್ಮನಿದ್ದೆ. ಕಿಡಕಿಯಲ್ಲಿ ಪಾರಿಯ ಮುಖವಿತ್ತು. ಸಿಂಧೂರದ ಮೇಲಿಂದ ನೀರಿನ ಹನಿಯೊಂದು ಇಳಿಯಿತು. ಒಂದು ಇರುವೆ ಹೂವಿನವರೆಗೆ ಏರಿ ಹೋಗಿ ತಿರುಗಿ ಬಂದಿತು. ಆಮೇಲೆ ಹೂವು ಬಿತ್ತು. ಗಡಿಗೆಯ ಕಡೆ.

“ಬಲಕ್ಕ! ಬಲಕ್ಕ ಬಿತ್ತ! ನನ್ನಪ್ಪಾ, ಹಣಮಪ್ಪಾ!”

ಅವ್ವ ಹೊಸ್ತಿಲನ್ನು ಮರೆತಳು. ಒಳಗೆ ಓಡಿಬಂದು ನನ್ನನ್ನು ಎತ್ತಿ ಎದೆಗೆ ಅವಚಿಕೊಂಡಳು. ಒಲೆಯ ಹೊಗೆ, ಬೆವರು, ಸೀರೆಯ ಸೆರಗಿನಲ್ಲಿ ಹುಣಸೆಯ ಹುಳಿ. ಅವಳ ಮೈಯ ಆ ವಾಸನೆಯಲ್ಲಿ ಮುಖ ಹುದುಗಿಸಿದ್ದಾಗಲೇ ಗೌಡರ ದನಿ ಕೇಳಿತು.

“ಏ ತಂಗಿ, ತಡಿ. ಯಾರ ಬಲಕ್ಕ?”

“ಬಲಕ್ರಿ ಗೌಡ್ರ... ಈ ಬಾಜೂಕ...” ಅವಳು ತನ್ನ ಬಲಗೈ ಎತ್ತಿ ತೋರಿಸಿದಳು.

“ಅದು ನಿನ್ನ ಬಲ. ನಿನ್ನ ಬಲಾ ತಗೊಂಡ ಏನ ಮಾಡೂದೈತಿ? ದೇವರ ಬಲ ಯಾವುದೈತಿ ನೋಡ. ಪೂಜಾರಿ, ತೋರಸ.”

ಪೂಜಾರಿ ಗೌಡರ ಮುಖ ನೋಡಿದ. ಆಮೇಲೆ ದೇವರಿಗೆ ಬೆನ್ನುಮಾಡಿ ನಮ್ಮ ಕಡೆ ತಿರುಗಿ ನಿಂತು ತನ್ನ ಬಲಗೈ ಎತ್ತಿದ. ಅದು ನಗಾರಿಯ ಕಡೆಗಿತ್ತು.

“ದೇವರ ಬಲ ಇದರಿ. ಹೂವು ಎಡಕ್ಕ ಬಿದ್ದೈತಿ.”

ಕಿಡಕಿಯಿಂದ ಪಾರಿ ಚೀರಿದಳು: “ಅವತ್ತ ಹುಣಸಿಮರದ ಹೂವೂ ಗಡಿಗಿ ಬಾಜೂನ ಬಿದ್ದಿತ್ತ! ಅವತ್ತ ಅದನ ಬಲ ಅಂದ್ರಿ! ನಾ ನೋಡೇನಿ!”

ಪಂಚರು ಗಡಿಗೆಯನ್ನು ನೋಡಿದರು, ನಗಾರಿಯನ್ನು ನೋಡಿದರು. ಆ ಒಂದು ಗಳಿಗೆಯಲ್ಲಿ ಎಲ್ಲರಿಗೂ ಎಲ್ಲವೂ ತಿಳಿದಿತ್ತು. ನಾನು ಇಷ್ಟು ವರ್ಷ ಹೋರಾಡುತ್ತ ಬಂದದ್ದು ತಿಳಿಯದವರ ವಿರುದ್ಧವೆಂದು ಜನ ಭಾವಿಸುತ್ತಾರೆ; ಅಲ್ಲ, ಆ ಗಳಿಗೆಯಲ್ಲಿ ತಿಳಿದೂ ಸುಮ್ಮನಿದ್ದವರ ವಿರುದ್ಧ.

ಗೌಡರು ಮೀಸೆ ನೀವಿಕೊಂಡು ನಕ್ಕರು. “ನೋಡ್ರೆಪಾ, ಕುರಿ ಕಾಯೋರ ಹುಡಿಗಿ ಹಣಮಪ್ಪಗ ದಿಕ್ಕ ಕಲಸಾಕ ಬಂದೈತಿ!” ಪಂಚರೆಲ್ಲ ನಕ್ಕರು. ನಗು ಅವರನ್ನು ಉಳಿಸಿತು. ಯಲ್ಲಪ್ಪ ಓಡಿಬಂದು ಮಗಳ ರಟ್ಟೆ ಹಿಡಿದು ಎಳೆದುಕೊಂಡು ಹೋದ. ಅವನಿಗೆ ಆ ಊರಿನಲ್ಲಿ ಬದುಕಬೇಕಿತ್ತು.

“ಹುಡಿಗಿ ಅನ್ನೂದು ಖರೆ ಐತಿ ಗೌಡ್ರ,” ಎಂದ ಮಾಮ. “ಅದಕ್ಕ ಜವಾಬ ಕೊಡ್ರಿ.”

“ಮಾಸ್ತರ, ಸವಾಲ ಜವಾಬ ನಿಮ್ಮ ಸಾಲ್ಯಾಗ. ಇದು ಗುಡಿ.”

“ಅದು ಮರದ ಮಾತ್ರಿ,” ಎಂದು ಪೂಜಾರಿ ಮೆಲ್ಲಗೆ ಸೇರಿಸಿದ. “ಇದು ಮನಷ್ಯಾರ ಮಾತು.”

ಮಾಮ ಇನ್ನೂ ಏನೋ ಹೇಳುವವನಿದ್ದ. ಅಷ್ಟರಲ್ಲಿ ಅವ್ವನ ಕೈಗಳು ನನ್ನ ಬೆನ್ನಿನ ಮೇಲೆ ಸಡಿಲಾದವು. ಅವಳು ನನ್ನನ್ನು ಕೆಳಗಿಳಿಸಿದಳು. ಯಾರೂ ಎಳೆದು ಬಿಡಿಸಲಿಲ್ಲ, ತಾನೇ ಇಳಿಸಿದಳು.

“ನಂದ ತಪ್ಪಾತ್ರಿ,” ಎಂದಳು. “ನಮ್ಮ ಮಸಗುಪ್ಪ್ಯಾಗ ಕೇಳವರ ಬಲಾನ ನೋಡತಾರ್ರಿ. ನನಗ ಗೊತ್ತಾಗಲಿಲ್ಲ. ದೇವರು ತನ್ನ ಬಲ ನೋಡಿನ ಹೇಳಿರಬೇಕ.”

ತನ್ನ ತೌರಿನ ಪದ್ಧತಿಯನ್ನು ಗಂಡನ ಊರಿಗೆ ತಂದದ್ದೇ ತನ್ನ ತಪ್ಪೆಂದು ಆಕೆ ನಂಬಿದಳು. ಅವಳನ್ನು ಮೋಸಗೊಳಿಸಿದವರು ಅವಳ ಭಕ್ತಿಗಿಂತ ಹೆಚ್ಚಿನ ಆಯುಧ ಹಿಡಿಯಬೇಕಾಗಲಿಲ್ಲ. ನಮ್ಮ ಭಾಷೆಯಲ್ಲಿ ಕೈಯ ಬಲಕ್ಕೂ ತೋಳಿನ ಬಲಕ್ಕೂ ಒಂದೇ ಶಬ್ದ. ‘ಯಾರ ಬಲ?’ ಎಂದು ಗೌಡರು ಕೇಳಿದ್ದರಲ್ಲ. ಅದಕ್ಕೆ ಉತ್ತರ ಆ ದಿನವೇ ಸಿಕ್ಕಿತ್ತು. ಬಲವಿದ್ದವರ ಬಲ.

ಅಷ್ಟಕ್ಕೂ ಅವರು ಬಿಡಲಿಲ್ಲ. “ಹಂಗ ಬಿಟ್ರ ನಾಳಿ ಸಂತಿ ನೆವ ಮಾಡಿ ಬಂದ ಹುಡಿಗಿ ತಲಿ ಕೆಡಸ್ತಾಳ. ಆಣಿ ಮಾಡಸ್ರಿ,” ಎಂದ ದೊಡ್ಡಪ್ಪ. ಅವ್ವನನ್ನು ಮತ್ತೆ ಮೆಟ್ಟಿಲಿಗೆ ಇಳಿಸಿ, ದೇವರ ಹೊಸ್ತಿಲು ಮುಟ್ಟಿಸಿ, ಅವರು ಹೇಳಿದಂತೆ ಹೇಳಿಸಿದರು: ಈ ಕೂಸನ್ನು ಹುಡುಕಿಕೊಂಡು ಬರುವುದಿಲ್ಲ, ಇನ್ನು ಮುಂದೆ ಇದನ್ನು ಮಗಳೆಂದು ಕರೆಯುವುದಿಲ್ಲ. ಅವ್ವ ಒಂದೊಂದೇ ಮಾತು ಹೇಳಿದಳು. ಅವಳ ದನಿಯಲ್ಲಿ ಅಳುವಿರಲಿಲ್ಲ. ತಪ್ಪು ಮಾಡಿದ ಸಾಲೆಯ ಹುಡುಗಿ ಪಾಠ ಒಪ್ಪಿಸಿದಂತಿತ್ತು.

ಅವಳು ಹೋದ ಮಧ್ಯಾಹ್ನ ಆಯಿ ನನಗೆ ಹಬ್ಬದ ಸಿಹಿಯಾದ ಮಾದಲಿ ಮಾಡಿ, ಬಿಸಿ ಹಾಲು ತುಪ್ಪ ಸುರಿದು ಉಣಿಸಿದಳು. ಹಸಿವಾಗಿತ್ತು, ಉಂಡೆ. ಗೋಕಾಕದ ದಾರಿಯಲ್ಲಿ ನೆಕ್ಕಲೆಂದು ಅವ್ವ ಹಿಂದಿನ ದಿನ ಮಾಡಿಟ್ಟ ಎರಡು ಚಿಗಳಿ ಗೋಡೆಯ ಮಾಡದಲ್ಲಿದ್ದವು. ಮರುದಿನ ನೋಡಿದರೆ ಇರುವೆ ಮುತ್ತಿದ್ದವು. ಪಾರಿ ಆಮೇಲೆ ಬೇವಿನ ಬುಡಕ್ಕೆ ಬಂದಳು, ಆದರೆ ಹೂ ಕೇಳುವ ಆಟ ಇಬ್ಬರಿಗೂ ಬೇಡವಾಗಿತ್ತು. ನಾವು ಸುಮ್ಮನೆ ಕಲ್ಲು ತೂರಿ ಹಿಡಿಯುತ್ತಿದ್ದೆವು.

ಅವ್ವ ಆಣೆ ಕಾಯ್ದಳು. ಕಲ್ಲೋಳಿಯ ಸಂತೆಗೆ ಗೋಕಾಕದ ಹೆಂಗಸರು ಬಂದಾಗ ನಾನು ಒಬ್ಬೊಬ್ಬರ ಮುಖ ನೋಡುತ್ತಿದ್ದೆ, ಅವಳು ಬರಲಿಲ್ಲ. ಕೆಲವು ವರ್ಷಗಳಲ್ಲಿ ಆಯಿ ತೀರಿಹೋದಳು. ದೊಡ್ಡಪ್ಪನಿಗೆ ತನ್ನ ಮಕ್ಕಳೇ ಹೆಚ್ಚಾದರು. ಮಾಮನನ್ನು ಕರೆಸಿ, ‘ಹುಡಿಗೀನ ಒಯ್ರಿ’ ಎಂದ. ಆ ದಿನ ಯಾರೂ ಹೂ ಕೇಳಲಿಲ್ಲ. ಬೇಕಾದಾಗ ದೇವರನ್ನು ಕೇಳಿ ಇಟ್ಟುಕೊಂಡ ಕೂಸನ್ನು ಬೇಡವಾದಾಗ ಯಾರನ್ನೂ ಕೇಳದೆ ಕಳಿಸಿದರು. ಆಣೆ ಇದ್ದುದರಿಂದ ಅವ್ವನಲ್ಲಿಗೆ ಕಳಿಸಲು ಮಾಮ ಅಂಜಿದ; ಓದಿದವನೂ ಅಂಜಿದ. ನನ್ನನ್ನು ಹುಕ್ಕೇರಿಯಲ್ಲಿ ಸಾಲೆಗೆ ಹಾಕಿದ. ಹೀಗೆ ನಾನು ಕಲಿತೆ, ಕಲಿಸುವವಳಾದೆ.

ಸ್ವಂತ ಪಗಾರ ಬರಲು ಹತ್ತಿದ ಮೇಲೆ ಒಂದು ದಿನ ನಾನೇ ಗೋಕಾಕಕ್ಕೆ ಹೋದೆ. ಆಣೆ ಅವಳ ಮೇಲಿತ್ತು, ನನ್ನ ಮೇಲಿರಲಿಲ್ಲ. ಗಿರಣಿಯ ಚಾಳಿನಲ್ಲಿ ಮನೆ ಹುಡುಕಿದೆ. ಕೂದಲಲ್ಲಿ ಹತ್ತಿಯ ಎಳೆ ಅಂಟಿದ ಹೆಂಗಸೊಬ್ಬಳು ಬಾಗಿಲಿಗೆ ಬಂದಳು. ನನ್ನ ಕೈಚೀಲ, ಚಪ್ಪಲಿ, ಕನ್ನಡಕ ನೋಡಿದಳು. ಆಮೇಲೆ ಮುಖ ನೋಡಿದಳು. ಬಹಳ ಹೊತ್ತು ನೋಡಿದಳು.

“ಬರ್ರಿ ಬಾಯಾರ. ಕುಂಡ್ರಿ,” ಎಂದಳು, ಸಾಲೆ ಕಲಿಸುವ ಪರರ ಹೆಂಗಸನ್ನು ಕರೆಯುವಂತೆ.

“ಅವ್ವಾ, ನಾ ಚಂದ್ರಿ.”

“ಗೊತ್ತೈತ್ರಿ.”

ಚಾಪೆ ಹಾಸಿದಳು. ಕಪ್ಪು-ಬಸಿಯಲ್ಲಿ ಚಹಾ ತಂದಳು. ಕೊಡುವಾಗ ಸೆರಗು ತಲೆಯ ಮೇಲೆ ಎಳೆದುಕೊಂಡಳು, ಪರರ ಮನೆಯ ಹಿರಿಯರಿಗೆ ಕೊಡುವಂತೆ. “ಆರಾಮ ಅದೀರಿಲ್ರಿ? ಸಾಲಿ ಚಲೋ ನಡದೈತ್ರಿ?” ಎಂದು ಕೇಳಿದಳು. ಅವಳ ಗಂಡನ ಮೊದಲ ಹೆಂಡತಿಯ ಮೊಮ್ಮಗಳೊಬ್ಬಳು ಕಡ್ಡಿಯ ಚಿಗಳಿ ನೆಕ್ಕುತ್ತ ಬಂದು ನನ್ನ ಮೊಣಕಾಲಿಗೆ ಒರಗಿ, ತಾನು ನೆಕ್ಕಿದ್ದನ್ನೇ ನನ್ನ ಬಾಯಿಗೆ ಹಿಡಿದಳು. ಅವ್ವ ಗದರಿಸಿದಳು: “ಛೀ ಹುಚ್ಚಿ, ತಗೀ. ಬಾಯಾರ ಅದನೆಲ್ಲಾ ತಿಂತಾರೇನ?”

ನಾನು ತಿನ್ನುತ್ತೇನೆಂದು ಹೇಳುವ ಮೊದಲೇ ಅವಳು ಕೂಸನ್ನು ತನ್ನ ಕಡೆ ಎಳೆದುಕೊಂಡಳು.

ತಾಯಿಯಾದವಳು ಮಗಳಿಗೆ ‘ಬಾ’ ಎನ್ನದೆ ‘ಬರ್ರಿ’ ಎನ್ನುವುದು ಎಂಥದೆಂಬುದನ್ನು ನಮ್ಮ ನಾಡಿನವರಿಗೆ ನಾನು ಬಿಡಿಸಿ ಹೇಳಬೇಕಿಲ್ಲ. ‘ರಿ’ ಎನ್ನುವುದು ನಮ್ಮಲ್ಲಿ ಮರ್ಯಾದೆ. ನನ್ನ ಅವ್ವ ಅದನ್ನು ಗೋಡೆಯಾಗಿ ಕಟ್ಟಿಕೊಂಡ ದಿನದಿಂದ ಆ ಒಂದಕ್ಷರ ನನ್ನ ಕಿವಿಗೆ ಚುಚ್ಚುತ್ತದೆ. ಮಗಳೆಂದು ಕರೆಯುವುದಿಲ್ಲವೆಂದು ಅವಳು ದೇವರ ಹೊಸ್ತಿಲು ಮುಟ್ಟಿದ್ದಳು. ‘ರಿ’ ಹಚ್ಚಿ ಆ ಮಾತನ್ನು ಉಳಿಸಿಕೊಂಡಿದ್ದಳು. ನಾನು ಹೋದಾಗಲೆಲ್ಲ, ಇಂದಿಗೂ, ಅದೇ ‘ಬರ್ರಿ ಬಾಯಾರ’. ಅವಳಿಗೆ ಈಗ ಕಣ್ಣು ಮಂಜಾಗಿದೆ. ನನ್ನ ಹೆಜ್ಜೆಯ ಸಪ್ಪಳ ಕೇಳಿ ಅವಳ ಮುಖ ಅರಳುತ್ತದೆ. ಬಾಯಿ ತೆರೆದೊಡನೆ ‘ರಿ’ ಬರುತ್ತದೆ.

ನಾನು ಕಳೆದುಕೊಂಡದ್ದು ಇಷ್ಟೇ: ಏಕವಚನ. ‘ತಿನ್ನ’, ‘ಬಾ’, ‘ಲೇ ಚಂದ್ರಿ’. ಹಾಗೆ ಕರೆಯುತ್ತಿದ್ದ ಪಾರಿಯೂ ಈಗಿಲ್ಲ. ಮೊದಲ ಬಾಣಂತನದಲ್ಲಿಯೇ ತೀರಿದಳಂತೆ. ಹುಣಸೆಯ ಮರವನ್ನು ಕಡಿದಿದ್ದಾರೆ. ಗೌಡರು ಸತ್ತರು, ಪೂಜಾರಿ ಸತ್ತ, ದೊಡ್ಡಪ್ಪ ಸತ್ತ. ಹೂ ಕೇಳುವುದು ಸತ್ತಿಲ್ಲ. ಸ್ವರಾಜ್ಯ ಬಂದಿದೆ, ಪಂಚಾಯತಿಗೆ ಹೆಸರು ಬರೆದ ಹೊಸ ಪಾಟಿ ತೂಗುಹಾಕಿದ್ದಾರೆ; ಅದರ ಕೆಳಗೆ ಕುಳಿತವರು ತಕರಾರು ಬಿಗಿಯಾದೊಡನೆ ಎದ್ದು ಗುಡಿಯ ಕಡೆ ನಡೆಯುತ್ತಾರೆ, ಇಂದಿಗೂ ಬಲ ಯಾವುದೆಂದು ಮೊದಲು ಹೇಳದೆ.

ಅವರನ್ನು ಉದ್ದೇಶಿಸಿ ಕಡೆಯ ಮಾತು. ಊರಿಗೆ ಊರೇ ಬದಲಾಗಲಿ ಎಂದು ಕೇಳುವಷ್ಟು ಶಕ್ತಿ ನನ್ನಲ್ಲಿ ಉಳಿದಿಲ್ಲ. ಒಂದೇ ಒಂದನ್ನು ಕೇಳುತ್ತೇನೆ. ನಮ್ಮೂರಿನ ಗೌಡರ ಮಗನೇ, ಪೂಜಾರಿಯ ಮಗನೇ, ಅಂದು ಕಟ್ಟೆಯ ಮೇಲೆ ಕುಳಿತು ನಕ್ಕು ಇಂದಿಗೂ ಬದುಕಿರುವ ಪಂಚರೇ: ಹಾಕಿಸಿದವರೇ ಬಿಡಿಸದೆ ಆಣೆ ಬಿಡುವುದಿಲ್ಲವೆಂಬುದು ನೀವೇ ಕಲಿಸಿದ ಪದ್ಧತಿ. ಬರುವ ಅಮಾವಾಸ್ಯೆಯೊಳಗೆ ಗೋಕಾಕಕ್ಕೆ ಬನ್ನಿರಿ. ಗಿರಣಿಯ ಚಾಳಿನಲ್ಲಿ ನೀಲವ್ವ ಎಂದರೆ ಮನೆ ತೋರಿಸುತ್ತಾರೆ. ಅವಳನ್ನು ಮೆಟ್ಟಿಲ ಕೆಳಗೆ ನಿಲ್ಲಿಸಬೇಡಿರಿ. ನೀವು ಕೆಳಗೆ ನಿಲ್ಲಿರಿ. ನಿಮ್ಮ ಬಲಗೈ ಎತ್ತಿ, ಅವಳಿಗೆ ಕೇಳುವಂತೆ, ಇಷ್ಟು ಹೇಳಿರಿ: “ಹೂವು ನಿನ್ನ ಬಲಕ್ಕೇ ಬಿದ್ದಿತ್ತು, ತಾಯಿ. ಆಣೆ ಬಿಟ್ಟಿತು. ಮಗಳನ್ನು ಕರೆ.”